ಚಿತ್ರ ಊರೂರು ಸುತ್ತಿತು, ಕೊಂಡಿ ಎಲ್ಲಿ ಉಳಿಯಿತು?

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಇನ್ನೂ ಹೊಳವಾಗಿಲ್ಲ. ಕಾಫಿ ಲೋಟ ಹಿಡಿದು ಫೋನ್ ತೆರೆದರೆ ಮನೆಯವರ ಗುಂಪು, ಅಡಿಕೆ ಬೆಳೆಗಾರರ ಗುಂಪು, ಹಳೇ ವಿದ್ಯಾರ್ಥಿಗಳ ಗುಂಪು, ಎಲ್ಲ ಕಡೆಯೂ ಒಂದೇ ಚಿತ್ರ. ಕರ್ನಾಟಕದ ನಕ್ಷೆ, ಅದರ ಮೇಲೆ ಮಳೆಯ ಬಣ್ಣಗಳು. ಕರಾವಳಿಗೂ ಘಟ್ಟಕ್ಕೂ ಒಂದು ಬಣ್ಣ, ಬಯಲುಸೀಮೆಗೆ ಇನ್ನೊಂದು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತ ಮಗ ಅದರಲ್ಲಿ ತನ್ನ ಊರಿರುವ ಜಾಗ ಹುಡುಕಿ, ಗಾಬರಿಯಾಗಿ ಫೋನ್ ಮಾಡುತ್ತಾನೆ: 'ಅಪ್ಪಾ, ಹೊಳೆ ಎಷ್ಟು ಏರಿದೆ?'

ಈ ನಕ್ಷೆ ಎಲ್ಲಿಯದು ಎಂದು ಕೇಳಿದರೆ 'ಫಾರ್ವರ್ಡ್ ಬಂತು' ಎಂಬುದೇ ಉತ್ತರ. ಅಂಥ ನಕ್ಷೆಗಳನ್ನು ಮಳೆಗಾಲದುದ್ದಕ್ಕೂ ತಯಾರಿಸುವುದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದವರೆಗೂ ನೆಟ್ಟ ಮಳೆಮಾಪಕಗಳು ತಾವಾಗಿ ಕಳಿಸುವ ಲೆಕ್ಕ ಅದರ ಬೆನ್ನಿಗಿದೆ. ಆದರೆ ಕೈಯಿಂದ ಕೈಗೆ ಹೋಗುವಾಗ ಯಾರೋ ಕೆಳಗಿನ ಹೆಸರಿನ ಪಟ್ಟಿ ಕತ್ತರಿಸುತ್ತಾರೆ, ಇನ್ಯಾರೋ ತಮ್ಮ ಗುಂಪಿನ ಲಾಂಛನ ಅಂಟಿಸುತ್ತಾರೆ. ಚಿತ್ರ ರಾಜ್ಯವನ್ನೆಲ್ಲ ಸುತ್ತಿದರೂ ಅಳೆದವರ ಬಾಗಿಲಿಗೆ ಹೋಗುವ ದಾರಿ ಅದರ ಜೊತೆಗೆ ಹೋಗಲಿಲ್ಲ.

ಜಾಲತಾಣ ನಡೆಸುವವರೆಲ್ಲ ಈಗ ಕೇಳುತ್ತಿರುವ ಪ್ರಶ್ನೆಯ ಬೇರು ಇಲ್ಲೇ ಇದೆ. ಸಂಸ್ಥೆ, ಪತ್ರಿಕೆ, ಅಂಗಡಿ, ಒಬ್ಬೊಂಟಿ ಬರಹಗಾರ, ಯಾರಾದರೂ ಆಗಲಿ. ಗ್ರಾಫಿಕ್ಸ್, ನಕ್ಷೆ, ಫೋಟೊಗಳಿಗೆ ದುಡ್ಡು ಸುರಿದರೆ ಬೇರೆ ತಾಣಗಳು ನಮ್ಮ ಪುಟಕ್ಕೆ ಕೊಂಡಿ ಕೊಡುತ್ತವೆ ಎಂಬ ನಂಬಿಕೆ ಹದಿನೈದು ವರ್ಷಗಳಿಂದ ನಡೆದು ಬಂದಿದೆ. ಆ ನಂಬಿಕೆಗೆ ಈಗಲೂ ಬೆಲೆಯಿದೆಯೇ?

ಕೊಂಡಿ ಎಂದರೆ ಸಾಕ್ಷಿ

ಮೊದಲು ಕೊಂಡಿಗೆ ಇಷ್ಟು ಬೆಲೆ ಬಂದದ್ದು ಹೇಗೆಂದು ನೋಡೋಣ. ಹೊಸ ಊರಿನ ಸಂತೆಗೆ ಹೋದವನಿಗೆ ಗಟ್ಟಿ ಕುಡುಗೋಲು ಬೇಕು ಎನ್ನಿ. ಅವನು ಹತ್ತು ಜನರನ್ನು ಕೇಳುತ್ತಾನೆ. ಏಳು ಮಂದಿ ಒಂದೇ ಕುಲುಮೆಯತ್ತ ಕೈ ತೋರಿಸಿದರೆ ಅಲ್ಲಿಗೆ ನಡೆಯುತ್ತಾನೆ. ಕೈ ತೋರಿಸಿದವರಲ್ಲಿ ಊರಿನ ಹಳೆಯ ರೈತನೊಬ್ಬನಿದ್ದರೆ ಆ ಮಾತಿಗೆ ಇನ್ನೂ ತೂಕ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅಂತರಜಾಲಕ್ಕೆ ಅನ್ವಯಿಸಿದ್ದು ಇದೇ ಲೋಕರೂಢಿಯನ್ನು. ಒಂದು ಸಂಶೋಧನಾ ಲೇಖನವನ್ನು ಎಷ್ಟು ಲೇಖನಗಳು ಉಲ್ಲೇಖಿಸಿವೆ ಎಂಬುದರ ಮೇಲೆ ಅದರ ಮಹತ್ವ ಅಳೆಯುವ ಪದ್ಧತಿ ವಿದ್ವತ್ ಲೋಕದಲ್ಲಿ ಮೊದಲೇ ಇತ್ತು. ಒಂದು ಪುಟಕ್ಕೆ ಇನ್ನೊಂದು ಪುಟ ಕೊಡುವ ಕೊಂಡಿಯನ್ನು ಅವರು ಅಂಥ ಉಲ್ಲೇಖವೆಂದೇ ಎಣಿಸಿದರು. ಹೆಸರುವಾಸಿ ಪುಟ ಕೊಟ್ಟ ಕೊಂಡಿಗೆ ಹೆಚ್ಚು ಅಂಕ ಇಟ್ಟರು. ಆ ಲೆಕ್ಕಾಚಾರದ ಹೆಸರು ಪೇಜ್‌ರ್‍ಯಾಂಕ್. 1998ರಲ್ಲಿ ಗೂಗಲ್ ಹುಟ್ಟಿದ್ದು ಅದರ ಮೇಲೆಯೇ.

ಹುಡುಕಿದಾಗ ಮೊದಲ ಪುಟದಲ್ಲಿ ಬಂದರೆ ಗಿರಾಕಿ, ಹತ್ತನೆಯ ಪುಟಕ್ಕೆ ಬಿದ್ದರೆ ಕತ್ತಲು. ಹಾಗಾಗಿ ಸಾಕ್ಷಿಯಾಗಿದ್ದ ಕೊಂಡಿ ಬೇಗನೆ ಸರಕಾಯಿತು. ಕೊಂಡಿ ಮಾರುವವರು, ಕೊಳ್ಳುವವರು, ನೂರಾರು ಪೊಳ್ಳು ತಾಣ ಕಟ್ಟಿ ತಮಗೆ ತಾವೇ ಸಾಕ್ಷಿ ಹೇಳಿಕೊಳ್ಳುವವರು ಹುಟ್ಟಿಕೊಂಡರು. ಇದನ್ನು ವೃತ್ತಿ ಮಾಡಿಕೊಂಡವರ ಬಾಯಲ್ಲಿ ಹೊರಗಿನಿಂದ ಬರುವ ಕೊಂಡಿಗೆ ಬ್ಯಾಕ್‌ಲಿಂಕ್ ಎಂದೂ ಇಡೀ ಕಸುಬಿಗೆ ಎಸ್‌ಇಒ ಎಂದೂ ಹೆಸರು.

ಉದ್ದುದ್ದ ಚಿತ್ರಗಳ ಕಾಲ

2010ರ ಆಸುಪಾಸಿನಲ್ಲಿ ಅಂತರಜಾಲ ನೋಡಿದವರಿಗೆ ಆ ಚಿತ್ರಗಳು ನೆನಪಿರಬಹುದು. ಮೇಲಿನಿಂದ ಕೆಳಕ್ಕೆ ಎಳೆದಷ್ಟೂ ಮುಗಿಯದ ಪಟ್ಟಿ. ದಪ್ಪ ಅಂಕಿಗಳು, ಪುಟ್ಟ ಮನುಷ್ಯಾಕೃತಿಗಳು, ಬಣ್ಣದ ವೃತ್ತಗಳು. ಕಾಫಿ ಕುಡಿದರೆ ಏನಾಗುತ್ತದೆ, ಜಗತ್ತಿನ ಸಾಲ ಎಷ್ಟು, ನಿದ್ರೆ ಎಷ್ಟು ಬೇಕು, ಎಲ್ಲಕ್ಕೂ ಒಂದೊಂದು ಇನ್ಫೋಗ್ರಾಫಿಕ್.

ಅಮೆರಿಕದಲ್ಲಿ ವೈಯಕ್ತಿಕ ಹಣಕಾಸಿನ ಲೆಕ್ಕ ಇಡಲು ನೆರವಾಗುತ್ತಿದ್ದ ಮಿಂಟ್ ಎಂಬ ತಾಣ ಇದರಲ್ಲಿ ಮೊದಲಿಗರ ಸಾಲಿಗೆ ಸೇರುತ್ತದೆ. ಸಾಲ, ಉಳಿತಾಯ, ತೆರಿಗೆಯಂಥ ಒಣ ವಿಷಯಗಳನ್ನು ಅದು ಚೆಂದದ ಚಿತ್ರಗಳಲ್ಲಿ ಹೇಳಿತು. ಜನ ಹಂಚಿದರು, ಬ್ಲಾಗುಗಳು ಎತ್ತಿಕೊಂಡವು, ಕೊಂಡಿಗಳು ಹರಿದು ಬಂದವು. 2009ರಲ್ಲಿ ಇಂಟ್ಯೂಟ್ ಕಂಪನಿ ಮಿಂಟನ್ನು 17 ಕೋಟಿ ಡಾಲರಿಗೆ ಕೊಂಡಿತು. ಬೆಳವಣಿಗೆಗೆ ಚಿತ್ರಗಳೊಂದೇ ಕಾರಣವಲ್ಲ, ಆದರೆ ನೋಡಿದವರು ಕಲಿತ ಪಾಠ ಮಾತ್ರ ಒಂದೇ: ಚಿತ್ರ ಬಿಡಿಸು, ಕೊಂಡಿ ಬರುತ್ತದೆ.

ಕೊಂಡಿ ಬರುತ್ತಿದ್ದುದು ಹೀಗೆ. ಚಿತ್ರದ ಕೆಳಗೆ ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ನಾಲ್ಕು ಸಾಲಿನ ಕೋಡ್. 'ನಿಮ್ಮ ತಾಣದಲ್ಲೂ ಹಾಕಿಕೊಳ್ಳಿ' ಎಂಬ ಆಹ್ವಾನ. ಕೋಡ್ ನಕಲು ಮಾಡಿ ಅಂಟಿಸಿದರೆ ಚಿತ್ರ ಬರುತ್ತದೆ. ಚಿತ್ರದ ಜೊತೆಗೆ ಮೂಲ ತಾಣಕ್ಕೆ ಒಂದು ಕೊಂಡಿಯೂ ತಾನಾಗಿ ಬರುತ್ತದೆ. ಪುಕ್ಕಟೆ ಚಿತ್ರ ಸಿಕ್ಕಿದ್ದಕ್ಕೆ ಬ್ಲಾಗಿನವರಿಗೆ ಸಂತೋಷ, ಕೊಂಡಿ ಸಿಕ್ಕಿದ್ದಕ್ಕೆ ಕೊಟ್ಟವರಿಗೂ ಸಂತೋಷ. ಅಲ್ಲಿಯವರೆಗೆ ಇದು ನ್ಯಾಯವಾದ ವ್ಯಾಪಾರವೇ.

ಕೆಟ್ಟದ್ದು ಆಮೇಲೆ. ಕೋಡಿನೊಳಗಿನ ಕೊಂಡಿ ಚಿತ್ರಕ್ಕೆ ಸಂಬಂಧವೇ ಇಲ್ಲದ ಕಡೆ ಹೋಗತೊಡಗಿತು. ನಾಯಿಮರಿ ಸಾಕಣೆಯ ಚಿತ್ರದ ಹೊಟ್ಟೆಯಲ್ಲಿ ಅಗ್ಗದ ಸಾಲದ ಜಾಹೀರಾತು ಎಂಬಂಥ ಸ್ಥಿತಿ. ಅಂಕಿಗಳನ್ನು ಯಾರೂ ಪರಿಶೀಲಿಸುತ್ತಿರಲಿಲ್ಲ. ಹತ್ತು ಕಡೆಯ ಹಳೆಯ ಅಂಕಿ ಹೆಕ್ಕಿ, ಬಣ್ಣ ಬಳಿದು, ಮೂಲಗಳನ್ನು ಕೆಳಗೆ ಕಣ್ಣಿಗೆ ಕಾಣದ ಅಕ್ಷರದಲ್ಲಿ ಒತ್ತಿ ತುಂಬಿದರೆ ಚಿತ್ರ ಸಿದ್ಧ.

ಗಾಳಕ್ಕೆ ಬಿದ್ದ ಪೆಟ್ಟು

2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಕೊಂಡುಕೊಂಡ, ಕೃತಕವಾಗಿ ಬೆಳೆಸಿದ ಕೊಂಡಿಗಳ ಮೇಲೆ ನಿಂತಿದ್ದ ತಾಣಗಳು ಫಲಿತಾಂಶದಲ್ಲಿ ಕುಸಿದವು. ಅದೇ ವರ್ಷ, ಗೂಗಲ್‌ನಲ್ಲಿ ಇಂಥ ಕಳ್ಳದಾರಿಗಳನ್ನು ತಡೆಯುವ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್, ಇನ್ಫೋಗ್ರಾಫಿಕ್‌ಗಳಿಂದ ಬರುವ ಕೊಂಡಿಗಳ ಬೆಲೆಯನ್ನು ಮುಂದೊಂದು ದಿನ ಇಳಿಸಿದರೂ ಆಶ್ಚರ್ಯವಿಲ್ಲ ಎಂಬ ಅರ್ಥದ ಮಾತಾಡಿದರು. ಅವರ ತಕರಾರು ಚಿತ್ರದ ಮೇಲಿರಲಿಲ್ಲ. ಅಂಕಿಗಳು ಸುಳ್ಳಾಗಿರುತ್ತವೆ, ಚಿತ್ರ ಅಂಟಿಸಿಕೊಂಡವನಿಗೆ ತಾನು ಯಾರಿಗೆ ಸಾಕ್ಷಿ ಹೇಳುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ ಎಂಬುದು ಅವರ ವಾದ. ಗೊತ್ತಿಲ್ಲದೆ ಹೇಳಿದ ಸಾಕ್ಷಿ ಸಾಕ್ಷಿಯಲ್ಲ. ನ್ಯಾಯಾಲಯದಲ್ಲೂ ಅಲ್ಲ, ಜಾಲದಲ್ಲೂ ಅಲ್ಲ.

2016ರ ಸೆಪ್ಟೆಂಬರಿನಲ್ಲಿ ಪೆಂಗ್ವಿನ್ ಗೂಗಲ್‌ನ ಮೂಲ ಲೆಕ್ಕಾಚಾರದಲ್ಲೇ ಬೆರೆತುಹೋಯಿತು. ಕೊಂಡಿಗಳ ಒಟ್ಟು ತೂಕ ಮೊದಲಿನಷ್ಟಿಲ್ಲ ಎಂದು ಗೂಗಲ್‌ನವರೇ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ತೂಕ ಇಳಿದಿದೆ, ಇಲ್ಲವಾಗಿಲ್ಲ.

ಈಗ ಚಿತ್ರ ಹೋಗುವ ದಾರಿ

ಗೂಗಲ್‌ನ ಕಡಿವಾಣಕ್ಕಿಂತ ದೊಡ್ಡ ಬದಲಾವಣೆ ನಮ್ಮ ಅಂಗೈಯಲ್ಲಾಗಿದೆ. ಜಾಲದ ಬಳಕೆ ಎಣಿಸುವ ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಲೆಕ್ಕದ ಪ್ರಕಾರ 2016ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಜಗತ್ತಿನಲ್ಲಿ ಮೊಬೈಲು, ಟ್ಯಾಬ್ಲೆಟ್‌ಗಳಲ್ಲಿ ಜಾಲ ನೋಡುವುದು ಕಂಪ್ಯೂಟರಿನಲ್ಲಿ ನೋಡುವುದನ್ನು ದಾಟಿತು. ದೊಡ್ಡ ಪರದೆಗೆಂದು ಬಿಡಿಸಿದ ಮೂರಡಿ ಉದ್ದದ ಚಿತ್ರ ಅಂಗೈಯಗಲದ ಪರದೆಗೆ ಕುಗ್ಗಿದಾಗ ಅಕ್ಷರಗಳು ಸಾಸಿವೆ ಕಾಳಾದವು. ಹಿಗ್ಗಿಸಿ, ಎಳೆದು, ಮತ್ತೆ ಹಿಗ್ಗಿಸಿ ಓದುವ ತಾಳ್ಮೆ ಯಾರಿಗಿದೆ?

ಹಂಚುವ ಜಾಗವೂ ಬದಲಾಯಿತು. ಹಿಂದೆ ಚಿತ್ರ ಇಷ್ಟವಾದವನು ತನ್ನ ಬ್ಲಾಗಿನಲ್ಲಿ ಹಾಕುತ್ತಿದ್ದ. ಈಗ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾನೆ, ಇನ್‌ಸ್ಟಾಗ್ರಾಮ್‌ಗೆ ಏರಿಸುತ್ತಾನೆ. ವಾಟ್ಸ್‌ಆ್ಯಪ್ ಒಳಗಿನ ಮಾತು ಹುಡುಕುವ ಯಂತ್ರಕ್ಕೆ ಕಾಣುವುದಿಲ್ಲ. ಇನ್‌ಸ್ಟಾಗ್ರಾಮ್ ಚಿತ್ರದ ಕೆಳಗೆ ವಿಳಾಸ ಬರೆದರೂ ಅದು ಒತ್ತಿದರೆ ತೆರೆಯುವ ಕೊಂಡಿಯಾಗುವುದಿಲ್ಲ. ಫೇಸ್‌ಬುಕ್, ಎಕ್ಸ್ ತಾಣಗಳ ಕೊಂಡಿಗಳಿಗೆ 'ಇದನ್ನು ಸಾಕ್ಷಿಯಾಗಿ ಎಣಿಸಬೇಡ' ಎಂಬ ಗುರುತು ಅಂಟಿರುತ್ತದೆ. ನೋಫಾಲೋ ಎಂಬ ಆ ಗುರುತು ಜಾರಿಗೆ ಬಂದದ್ದು 2005ರಲ್ಲಿ. ಲಕ್ಷ ಜನ ನೋಡಿದ ಚಿತ್ರಕ್ಕೆ ಒಂದೂ ಕೊಂಡಿ ಇಲ್ಲದಿರುವುದು ಹೀಗೆ.

ಮೂರನೆಯದು ಚಿತ್ರವೇ ಅಗ್ಗವಾದದ್ದು. ಡಾಲ್-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೂರೂ 2022ರಲ್ಲೇ ಜನರ ಮುಂದೆ ಬಂದವು. ಒಂದು ಸಾಲು ಬರೆದರೆ ಅರೆಗಳಿಗೆಯಲ್ಲಿ ಚಿತ್ರ. ಎಲ್ಲರ ಮನೆಯಲ್ಲೂ ಸಿಗುವ ವಸ್ತುವನ್ನು ಕೊಳ್ಳಲು ಯಾರೂ ಸಂತೆಗೆ ಹೋಗುವುದಿಲ್ಲ. ಅಲಂಕಾರಕ್ಕೆಂದು ಹಾಕುವ ಚಿತ್ರಕ್ಕೆ ಈಗ ಕೊಂಡಿ ಕೊಡುವ ಕಾರಣವೇ ಉಳಿದಿಲ್ಲ. ಇದರ ಮೇಲೆ, 2024ರಿಂದ ಗೂಗಲ್ ಹಲವು ಪ್ರಶ್ನೆಗಳಿಗೆ ತಾನೇ ಸಾರಾಂಶ ಬರೆದು ಫಲಿತಾಂಶದ ನೆತ್ತಿಯ ಮೇಲಿಡುತ್ತಿದೆ. ಅಲ್ಲೇ ಉತ್ತರ ಸಿಕ್ಕವರು ಮುಂದಿನ ಪುಟಕ್ಕೆ ಹೋಗುವ ಗೋಜಿಗೆ ಬೀಳುವುದಿಲ್ಲ.

ಬದುಕಿದ ಚಿತ್ರಗಳು

ಇಷ್ಟೆಲ್ಲ ಕೇಳಿದ ಮೇಲೆ ಚಿತ್ರದ ಕಾಲ ಮುಗಿಯಿತು ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅದಕ್ಕೆ ಮೊದಲ ಕಾರಣ ಬ್ರಿಟನ್ನಿನ ಒಂದು ಪಟ್ಟೆಪಟ್ಟೆ ಚಿತ್ರ.

ರೀಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಅದನ್ನು ರೂಪಿಸಿದರು. ಒಂದು ವರ್ಷಕ್ಕೆ ಒಂದು ಪಟ್ಟೆ. ತಂಪಾಗಿದ್ದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು. ಅಂಕಿಯಿಲ್ಲ, ಅಕ್ಷರವಿಲ್ಲ, ಗೆರೆಯಿಲ್ಲ. ಎಡದಿಂದ ಬಲಕ್ಕೆ ಕಣ್ಣಾಡಿಸಿದರೆ ನೀಲಿ ಸೀರೆಯ ಸೆರಗಿಗೆ ಬೆಂಕಿ ಬಿದ್ದಂತೆ ಕಾಣುತ್ತದೆ. ಭೂಮಿ ಕಾಯುತ್ತಿದೆ ಎಂಬುದನ್ನು ಓದು ಬಾರದವರಿಗೂ ಅದು ಹೇಳಿಬಿಡುತ್ತದೆ.

2019ರ ಜೂನ್‌ನಲ್ಲಿ ಅವರು ಇದಕ್ಕೆಂದೇ ಒಂದು ತಾಣ ತೆರೆದರು. ಭಾರತ ಸೇರಿದಂತೆ ಬೇರೆ ಬೇರೆ ದೇಶಗಳ ಪಟ್ಟೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮೂಲ ಹೇಳಿದರೆ ಸಾಕು ಎಂಬ ಮುಕ್ತ ಪರವಾನಗಿ. ಅದೇ ಸೆಪ್ಟೆಂಬರಿನಲ್ಲಿ ಅದು 'ದಿ ಎಕನಾಮಿಸ್ಟ್' ವಾರಪತ್ರಿಕೆಯ ಮುಖಪುಟವಾಯಿತು. ಮುಂದೆ ರೀಡಿಂಗ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಅಂಗಿಯ ತೋಳಿಗೂ ಬಂತು. ಪಟ್ಟೆಗಳ ಬಗ್ಗೆ ಬರೆಯುವವರು ಆ ತಾಣದ ಕೊಂಡಿ ಹಾಕದೆ ಬರೆಯುವುದು ಕಷ್ಟ, ಏಕೆಂದರೆ ಓದುಗ ಮುಂದಕ್ಕೆ ಕೇಳುವ 'ನನ್ನ ದೇಶದ್ದು?' ಎಂಬ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ.

ಇಂಥ ಚಿತ್ರ ನೋಡಿದರೆ ಅರ್ಧ ತೃಪ್ತಿ, ಉಳಿದರ್ಧಕ್ಕೆ ಅದರ ಮೂಲ ತಾಣಕ್ಕೇ ಬರಬೇಕು. ಕೋವಿಡ್ ಕಾಲದ ಕಪ್ಪು ನಕ್ಷೆ, ಅದರ ಮೇಲಿನ ಕೆಂಪು ವೃತ್ತಗಳು ಗೆದ್ದದ್ದೂ ಇದರಿಂದಲೇ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ ಗಾರ್ಡ್ನರ್ ಮತ್ತು ವಿದ್ಯಾರ್ಥಿ ಎನ್‌ಶೆಂಗ್ ಡಾಂಗ್ 2020ರ ಜನವರಿ 22ರಂದು ಅದನ್ನು ಸಾರ್ವಜನಿಕರಿಗೆ ತೆರೆದರು. 2023ರ ಮಾರ್ಚ್ 10ರವರೆಗೆ ಅಂಕಿ ತುಂಬುತ್ತಲೇ ಇದ್ದರು. ನಿನ್ನೆಯ ಚಿತ್ರ ಇಂದಿಗೆ ಹಳತು. ಆದ್ದರಿಂದ ಚಿತ್ರ ನಕಲು ಮಾಡುವುದಕ್ಕಿಂತ ಕೊಂಡಿ ಕೊಡುವುದೇ ಸುಲಭವಾಯಿತು. ನಮ್ಮ ದೇಶದಲ್ಲಿ ಸ್ವಯಂಸೇವಕರು ಕಟ್ಟಿ 2021ರ ಅಕ್ಟೋಬರ್ ಕೊನೆಯವರೆಗೆ ನಡೆಸಿದ ಕೋವಿಡ್19ಇಂಡಿಯಾ ತಾಣವೂ ಹೀಗೆಯೇ ದೇಶದ ಲೆಕ್ಕಪುಸ್ತಕವಾಯಿತು.

ಬೆಂಗಳೂರಿನದೇ ಉದಾಹರಣೆ ಬೇಕೆಂದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ನಕ್ಷೆಗಳಿವೆ. 1973ರ ಉಪಗ್ರಹ ಚಿತ್ರದಿಂದ ಶುರು ಮಾಡಿ ವರ್ಷ ವರ್ಷದ ಬೆಂಗಳೂರನ್ನು ಪಕ್ಕಪಕ್ಕ ಇಟ್ಟಾಗ ಹಸಿರು ಕರಗಿ ಕೆಂಪು ಹರಡುವುದು ಎದೆಗೆ ತಟ್ಟುತ್ತದೆ. ನಾಲ್ಕು ದಶಕಗಳಲ್ಲಿ ಕಟ್ಟಡ ಹಬ್ಬಿದ ಪ್ರದೇಶ ಶೇ 584ರಷ್ಟು ಹೆಚ್ಚಿತು, ಹಸಿರು ಹೊದಿಕೆ ಶೇ 66, ಜಲಮೂಲಗಳು ಶೇ 74 ಕುಗ್ಗಿದವು ಎಂಬುದು ಅವರ ಲೆಕ್ಕ. ಕೆರೆಗಳ ಬಗ್ಗೆ ಯಾರು ಬರೆದರೂ ಆ ಅಂಕಿಗಳತ್ತ ತಿರುಗುತ್ತಾರೆ. ಅವರು ಕೊಂಡಿಗಾಗಿ ನಕ್ಷೆ ಬಿಡಿಸಲಿಲ್ಲ, ಕೆರೆ ಎಣಿಸಿದರು.

ನನ್ನ ತೀರ್ಮಾನ ಇಲ್ಲಿದೆ. ಗಾಳಕ್ಕೆ ಸಿಕ್ಕಿಸಿದ ಹುಳುವಾಗಿ ಚಿತ್ರಕ್ಕೆ ಈಗ ಬೆಲೆಯಿಲ್ಲ. ಬೇರೆ ಯಾರೂ ಎಣಿಸದ್ದನ್ನು ಎಣಿಸಿ, ಯಾರೂ ಹೋಗದ ಕಡೆ ಹೋಗಿ ತೆಗೆದ ಚಿತ್ರಕ್ಕೆ ಮೊದಲಿಗಿಂತ ಹೆಚ್ಚು ಬೆಲೆಯಿದೆ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರೈಮಿಯಾ ಯುದ್ಧದ ಸೈನಿಕರ ಸಾವುಗಳನ್ನು ದಳದಳವಾಗಿ ಬಿಡಿಸಿ ತೋರಿಸಿದ್ದು ಇಂದಿಗೂ ಉಲ್ಲೇಖವಾಗುವುದು ಬಣ್ಣದ ಸೊಗಸಿಗಲ್ಲ. ಗಾಯಕ್ಕಿಂತ ರೋಗಕ್ಕೇ ಹೆಚ್ಚು ಸೈನಿಕರು ಬಲಿಯಾದರು ಎಂಬ ಸತ್ಯ ಅದರಲ್ಲಿತ್ತು.

ಕನ್ನಡದ ಗಂಟು

ಕನ್ನಡದಲ್ಲಿ ಜಾಲತಾಣ ನಡೆಸುವವರಿಗೆ ಇಲ್ಲೊಂದು ಬೇರೆಯೇ ಗಂಟಿದೆ, ಅದರ ಬಗ್ಗೆ ನನಗೆ ನಿಜವಾದ ಸಂಕಟವೂ ಇದೆ. ನಾವು ಬರಹವನ್ನೇ ಚಿತ್ರ ಮಾಡುತ್ತೇವೆ.

ಇದಕ್ಕೆ ಹಳೆಯ ಕಾರಣವಿದೆ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಬಹುಕಾಲ ನಮ್ಮ ಡಿಟಿಪಿ ಅಂಗಡಿ, ಕಚೇರಿ, ಪತ್ರಿಕೆಗಳು ಹಳೆಯ ಬಗೆಯ ಫಾಂಟುಗಳಲ್ಲೇ ಕೆಲಸ ಮಾಡಿದವು. ಆ ಅಕ್ಷರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗುತ್ತಿತ್ತು. ಸುಲಭದ ದಾರಿಯೆಂದರೆ ಬರೆದದ್ದನ್ನು ಚಿತ್ರವಾಗಿಸಿ ಕಳಿಸುವುದು. ಫೋನಿನಲ್ಲೇ ಕನ್ನಡ ಬರೆಯಬಹುದಾದ ಈ ಕಾಲದಲ್ಲೂ ಅಭ್ಯಾಸ ಬಿಟ್ಟಿಲ್ಲ. ಕಾರ್ಯಕ್ರಮದ ಆಹ್ವಾನ, ಲೇಖನದ ಕತ್ತರಿಸಿದ ತುಂಡು, ಸರ್ಕಾರಿ ಆದೇಶದ ಸ್ಕ್ಯಾನ್ ಪ್ರತಿ, ಕೃಷಿ ಸಲಹೆಯ ಪೋಸ್ಟರ್, ಎಲ್ಲವೂ ಚಿತ್ರ.

ಆ ಅಕ್ಷರಗಳು ಚಿತ್ರದೊಳಗೆ ಸೆರೆ. ಹುಡುಕುವ ಯಂತ್ರ ಚಿತ್ರದೊಳಗಿನ ಅಕ್ಷರವನ್ನು ಸ್ವಲ್ಪಮಟ್ಟಿಗೆ ಗುರುತಿಸಬಹುದಾದರೂ ಬರಹವನ್ನು ನೆಚ್ಚಿದಂತೆ ಅದನ್ನು ನೆಚ್ಚುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಣ್ಣು ಕಾಣದ ಓದುಗರ ಫೋನು ಬರಹವನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ಚಿತ್ರ ಬಂದಾಗ ತಡವರಿಸುತ್ತದೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಳ್ಳೆಯ ಪೋಸ್ಟರ್ ಮಾಡಿದವರು ಅದೇ ಮಾತನ್ನು ಪಕ್ಕದಲ್ಲಿ ಬರಹವಾಗಿಯೂ ಹಾಕಿದ್ದರೆ, ಮುಂದಿನ ವರ್ಷ ಹುಡುಕುವ ರೈತನಿಗೆ ಅದು ಸಿಗುತ್ತಿತ್ತು.

ಹಾಗಾದರೆ ಮಾಡುವುದೇನು

ಚಿತ್ರ ಬಿಡಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇದರಲ್ಲಿ ನಾನೇ ಕಂಡುಕೊಂಡದ್ದು ಏನಿದೆ? ಊರಿನ ಕಲ್ಯಾಣಿಗಳ ಪಟ್ಟಿ, ಹತ್ತು ವರ್ಷದ ಮಾರುಕಟ್ಟೆ ಧಾರಣೆ, ತಾಲ್ಲೂಕಿನ ಶಾಸನಗಳ ಫೋಟೊ, ಒಂದು ಬಸ್ ನಿಲ್ದಾಣದ ವೇಳಾಪಟ್ಟಿ, ಯಾವುದೂ ಸಣ್ಣದಲ್ಲ. ಏನೂ ಇಲ್ಲವೆಂದಾದರೆ ಚಿತ್ರಕ್ಕೆ ಕೊಡುವ ಹಣವನ್ನು ಬರಹ ತಿದ್ದುವವರಿಗೆ ಕೊಡುವುದು ಲೇಸು.

ಚಿತ್ರವನ್ನು ಅದರದ್ದೇ ಪುಟದಲ್ಲಿಡಿ. ಅಂಕಿಗಳ ಪಟ್ಟಿಯನ್ನು, ಎಣಿಸಿದ ರೀತಿಯನ್ನು ಅಲ್ಲೇ ಬರೆಯಿರಿ. ಚಿತ್ರ ಕಾಣದಿದ್ದಾಗ ಓದಿಸಲು ಒಂದು ಸಾಲಿನ ವಿವರಣೆ ಬರೆಯುವ ಜಾಗವಿರುತ್ತದೆ, ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ ತುಂಬಿ. ಚಿತ್ರವೇ ಕೊಂಡಿಯಾಗಿದ್ದರೆ ಗೂಗಲ್ ಆ ಸಾಲನ್ನೇ ಕೊಂಡಿಯ ಹೆಸರಾಗಿ ಓದಿಕೊಳ್ಳುತ್ತದೆ. ಒಂದು ಉದ್ದ ಚಿತ್ರದ ಬದಲು ಫೋನಿಗೆ ಹೊಂದುವ ನಾಲ್ಕು ಚಿಕ್ಕ ಚಿತ್ರ ಮಾಡಿ. ಹೆಸರನ್ನು ಅಂಚಿನಲ್ಲಿ ಬರೆದರೆ ಕತ್ತರಿಸುತ್ತಾರೆ. ನಕ್ಷೆಯ ಒಳಗೇ ಬರೆಯಿರಿ.

ಯಾರು ಬಳಸಿದ್ದಾರೆಂದು ತಿಳಿಯಲು ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಗೂಗಲ್‌ನಲ್ಲಿ 2011ರಿಂದ ಇದೆ. ಆರು ತಿಂಗಳಿಗೊಮ್ಮೆ ನೋಡಿ, ಮೂಲ ಹೇಳದೆ ಬಳಸಿದವರಿಗೆ ಸೌಜನ್ಯದಿಂದ ಒಂದು ಪತ್ರ ಬರೆದರೆ ಕೊಂಡಿ ಹಾಕುವವರಿದ್ದಾರೆ. ಚಿತ್ರ ಅವರಿಗೆ ಆಗಲೇ ಉಪಯೋಗಕ್ಕೆ ಬಂದಿರುತ್ತದೆ.

ಇದರ ಕೊಳಕು ರೂಪವೂ ಚಾಲ್ತಿಯಲ್ಲಿದೆ. ವಕೀಲರ ಹೆಸರಿನಲ್ಲಿ ಮೇಲ್ ಬರುತ್ತದೆ: ನಮ್ಮ ಕಕ್ಷಿದಾರರ ಚಿತ್ರ ಬಳಸಿದ್ದೀರಿ, ದಂಡ ಬೇಡ, ಇಂಥ ತಾಣಕ್ಕೆ ಕೊಂಡಿ ಹಾಕಿದರೆ ಸಾಕು. ವಕೀಲರೂ ಸುಳ್ಳು, ಹಕ್ಕೂ ಸುಳ್ಳು. ಬೇಕಾಗಿರುವುದು ಕೊಂಡಿ ಮಾತ್ರ. ಸಣ್ಣ ತಾಣ ನಡೆಸುವವರು ಹೆದರಿ ಹಾಕಿಬಿಡುತ್ತಾರೆ. ಚಿತ್ರ ಎಲ್ಲಿಂದ ತಂದಿರಿ, ಯಾವ ಪರವಾನಗಿಯದು ಎಂದು ಮೊದಲೇ ಬರೆದಿಟ್ಟುಕೊಂಡರೆ ಈ ಬೆದರಿಕೆಗೆ ಬಗ್ಗಬೇಕಿಲ್ಲ.

ಕೊಂಡಿ ಪಡೆಯುವವರ ಕೆಲಸ ಇಷ್ಟು. ಕೊಡುವವರ ಕೆಲಸ ನಮ್ಮೆಲ್ಲರದು. ಮಳೆಗಾಲದಲ್ಲಿ ಆ ಬಣ್ಣದ ನಕ್ಷೆ ನಿಮ್ಮ ಫೋನಿಗೂ ಬರುತ್ತದೆ. ಮುಂದಕ್ಕೆ ಕಳಿಸುವಾಗ ಕೆಳಗಿನ ಹೆಸರನ್ನು ಕತ್ತರಿಸಬೇಡಿ. ಎಲ್ಲಾದರೂ ಬರೆಯುವವರಾಗಿದ್ದರೆ, ಅಳೆದವರ ಪುಟಕ್ಕೆ ಒಂದು ಕೊಂಡಿ ಹಾಕಿ.